ಕರು ಕೂಗುವ ಜಾಗ

ಮಂಡಿಪೇಟೆ, ಹೊರಡುವ ಮುನ್ನ

ಮೆಕ್ಸಿಕೋಗೆ ಹೋಗಿ ಮೂರು ವಾರ ಇದ್ದು ಬಂದೆ ಎಂದರೆ ಗುಬ್ಬಿಯಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಊಟಕ್ಕೇನು ಮಾಡಿದೆ ಅಂತ. ಪಾಪಸ್‌ಕಳ್ಳಿ ತಿಂದೆ ಎಂದು ನಿಜ ಹೇಳಿದರೆ ಯಾರೂ ನಂಬುವುದಿಲ್ಲ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಗುತ್ತಾರೆ. ಯಾಕೆ ಹೋಗಿದ್ದೆ ಎಂದು ಕೇಳಿದವರು ಮಾತ್ರ ಒಬ್ಬರೂ ಇಲ್ಲ. ಕಂಪನಿ ಕಳಿಸಿತು, ಹೋದ ಎಂದು ತಿಳಿದಿದ್ದಾರೆ. ಅದು ಅರ್ಧ ನಿಜ. ಇನ್ನರ್ಧವನ್ನು ಇಲ್ಲಿ ಬರೆಯುತ್ತೇನೆ.

ನಾನು ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಪೆಟ್ಟಿಗೆ, ಬಿಡಿಭಾಗಗಳನ್ನೆಲ್ಲ ಹೊತ್ತು ಸಾಗುವ ಕನ್ವೇಯರ್ ಬೆಲ್ಟುಗಳನ್ನು ಜೋಡಿಸುವುದು ನನ್ನ ಕೆಲಸ. ರಿಟೈರ್ ಆಗಲು ಎರಡು ವರ್ಷ ಬಾಕಿ. ವಾರವೆಲ್ಲ ಬೆಲ್ಟು, ಮದುವೆ ಸೀಸನ್ನಿನ ಶನಿವಾರ ಭಾನುವಾರ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್. ಹೀಗೆ ಸುಮಾರು ನಲವತ್ತು ವರ್ಷ ಕಳೆದೆ. ಆರ್ಕೆಸ್ಟ್ರಾ ನನ್ನದಲ್ಲ, ಖಲೀಲ್ ಭಾಯಿಯದು. ತುಮಕೂರಿನ ಮಂಡಿಪೇಟೆಯಲ್ಲಿ ಅವರಿಗೆ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇತ್ತು. ಸಂಜೆಯಾದರೆ ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟು ಗಿಟಾರ್ ಎತ್ತಿಕೊಳ್ಳುತ್ತಿದ್ದರು. ತಂತಿ ಮೀಟಲು ಎಲ್ಲರೂ ಬಳಸುವ ಪ್ಲಾಸ್ಟಿಕ್ ಚೂರು ಅವರಿಗೆ ಒಗ್ಗುತ್ತಿರಲಿಲ್ಲ. ನಮ್ಮ ತೋಟದ ತೆಂಗಿನ ಕರಟವನ್ನು ಉಜ್ಜಿ ಉಜ್ಜಿ, ಚಿಕ್ಕ ವೀಳ್ಯದೆಲೆಯ ಆಕಾರಕ್ಕೆ ತಂದು, ಅದರಲ್ಲೇ ನುಡಿಸುತ್ತಿದ್ದರು.

ನನಗೆ ಹತ್ತೊಂಬತ್ತು ವರ್ಷವಿದ್ದಾಗ ಗುಬ್ಬಿಯ ನಮ್ಮ ಪಕ್ಕದ ಮನೆಯವರು ಗಲ್ಫಿನಿಂದ ರಜೆಗೆ ಬಂದರು. ಅವರ ಹತ್ತಿರ ಒಂದು ಕ್ಯಾಸೆಟ್ ಇತ್ತು. ಮೆಕ್ಸಿಕೋ ದೇಶದ ರಾಮಿರೊ ಎಂಬ ಗಿಟಾರ್ ವಾದಕನದು. ಕವರಿನ ಮೇಲೆ ಮೀಸೆ ಬಿಟ್ಟ ಯುವಕ, ಕೈಯಲ್ಲಿ ಕೆಂಪು ಗಿಟಾರ್. ಖಲೀಲ್ ಭಾಯಿಗೆ ಕೊಟ್ಟರೆ ಎಷ್ಟು ಖುಷಿಪಡುತ್ತಾರೋ ಎನ್ನಿಸಿ, ಒಂದು ಮಧ್ಯಾಹ್ನದ ಮಟ್ಟಿಗೆ ಕೇಳಿ ತಂದೆ. ಸೋದರಮಾವನ ಮನೆಯಲ್ಲಿ ಒಂದು ಟೇಪ್ ರೆಕಾರ್ಡರ್ ಸೆಟ್ ಇತ್ತು, ಇನ್ನೊಂದನ್ನು ಗೆಳೆಯನಿಂದ ತಂದೆ. ಎರಡನ್ನೂ ಮಂಚದ ಮೇಲೆ ಎದುರುಬದುರು ಕೂರಿಸಿ, ಮಾವನ ಸೆಟ್ಟಿನಲ್ಲಿ ಹಾಡು ಹಾಕಿ, ಗೆಳೆಯನ ಸೆಟ್ಟಿನಲ್ಲಿ ರೆಕಾರ್ಡ್ ಬಟನ್ ಒತ್ತಿ, ಉಸಿರು ಬಿಗಿಹಿಡಿದು ಕೂತೆ. ಆಗ ನಾವು ಕಾಪಿ ಮಾಡುತ್ತಿದ್ದುದೇ ಹಾಗೆ. ನಡುವೆ ಹಿತ್ತಲಿನಲ್ಲಿ ಕಟ್ಟಿದ್ದ ಕರು ಅಂಬಾ ಎಂದು ಉದ್ದಕ್ಕೆ ಕೂಗಿತು. ಅದೂ ಟೇಪಿಗೆ ಬಿತ್ತು.

ಖಲೀಲ್ ಭಾಯಿ ಆ ಕಾಪಿಯನ್ನು ತಿಂಗಳುಗಟ್ಟಲೆ ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಕೇಳಿ, ಅದರಲ್ಲಿದ್ದ ಒಂದು ಧಾಟಿಯನ್ನು ಕೈಗೆ ತಂದುಕೊಂಡರು. ನಿಧಾನವಾದ, ಕರುಳು ಹಿಂಡುವ ಧಾಟಿ. ಕರು ಕೂಗಿದ ಕಡೆ ಗಿಟಾರಿನ ಸ್ವರ ಕೇಳುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕಟ್ಟಿ ನುಡಿಸುವ ಸ್ವಭಾವ ಅವರದಲ್ಲ. ಅಲ್ಲಿ ಅಷ್ಟು ಹೊತ್ತು ಕೈ ಎತ್ತಿ ಸುಮ್ಮನಿದ್ದು ಮುಂದಕ್ಕೆ ಹೋಗುತ್ತಿದ್ದರು. ಕರು ಕೂಗುವ ಜಾಗ ಎಂದೇ ನಾವು ಅದನ್ನು ಕರೆಯುತ್ತಿದ್ದೆವು.

ಒಂದು ಮದುವೆಯಲ್ಲಿ ಹೆಣ್ಣೊಪ್ಪಿಸುವ ಹೊತ್ತಿಗೆ ಅದನ್ನು ನುಡಿಸಿದರು. ಅಲ್ಲಿಂದ ಅದು ಒಪ್ಪಿಸುವ ಟ್ಯೂನ್ ಆಗಿಹೋಯಿತು. ತುಮಕೂರಿನಲ್ಲಿ ಮುಸ್ಲಿಮರ ಮನೆಯ ಹುಡುಗಿಯನ್ನು ಕಾರು ಹತ್ತಿಸುವಾಗ, ಗುಬ್ಬಿ ಕುಣಿಗಲ್ ಕಡೆ ಮಗಳ ಕೈಯನ್ನು ಬೀಗರ ಕೈಯಲ್ಲಿಡುವಾಗ, ಖಲೀಲ್ ಭಾಯಿ ಒಂದು ಕುರ್ಚಿ ಹಾಕಿಕೊಂಡು ಅದನ್ನು ನುಡಿಸಬೇಕು. ಕರು ಕೂಗುವ ಜಾಗ ಬಂದಾಗ ಮಂಟಪದಲ್ಲಿ ಬಿಕ್ಕುವ ಸದ್ದೊಂದೇ ಇರುತ್ತಿತ್ತು. ನನ್ನ ಮಗಳ ಮದುವೆಯಲ್ಲೂ ನುಡಿಸಿದರು. ನೂರಾರು ಸಲ ಕೇಳಿದವನು ನಾನು. ಅವತ್ತು ಮಾತ್ರ ಹೆಗಲ ಮೇಲಿನ ವಲ್ಲಿಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಎರಡು ವರ್ಷದ ಹಿಂದೆ ಫೋನಿನಲ್ಲಿ ಏನೋ ಹುಡುಕುತ್ತಿದ್ದಾಗ ಆ ಧಾಟಿಯ ಮೂಲ ಸಿಕ್ಕಿತು. ನೋಡಿದರೆ ಅದು ಓಡುವ ಹಾಡು, ಕುಣಿಯುವ ಹಾಡು. ಸಾವಿರಾರು ಜನ ಕೈ ಎತ್ತಿಕೊಂಡು ಕುಣಿಯುತ್ತಿದ್ದಾರೆ. ನನಗೆ ನಗು ತಡೆಯಲಾಗಲಿಲ್ಲ. ಮುಂದಿನ ಭಾನುವಾರ ಕುಣಿಗಲ್ಲಿನ ಕಲ್ಯಾಣ ಮಂಟಪವೊಂದರಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಫೋನ್ ತೆಗೆದು ತೋರಿಸಿದೆ.

"ಭಾಯ್, ನಲ್ವತ್ತು ವರ್ಷದಿಂದ ತಪ್ಪು ನುಡಿಸ್ಕೊಂಡ್ ಬಂದಿದ್ದೀರಲ್ಲ. ಇದು ಕುಣಿಯೋ ಹಾಡು. ನೀವು ಇದ್ರಲ್ಲಿ ಊರೋರ್ನೆಲ್ಲ ಅಳಿಸ್ಬುಟ್ರಿ."

ಕೀಬೋರ್ಡಿನವರು, ಹಾಡುವವರು ಎಲ್ಲ ನಕ್ಕರು. ಭಾಯಿ ಎಲೆಯಿಂದ ಕೈ ತೆಗೆದು ಕೊನೆಯವರೆಗೂ ಕೇಳಿದರು. "ಎಷ್ಟ್ ಚೆನ್ನಾಗ್ ನುಡಿಸವ್ನೆ ನೋಡ್ಲಾ ಗಂಗ" ಎಂದರು. ಅವರೂ ನಕ್ಕರು. ಆದರೆ ಅವತ್ತು ಹೆಣ್ಣೊಪ್ಪಿಸುವಾಗ ಅವರು ಗಿಟಾರನ್ನು ಚೀಲದಿಂದ ತೆಗೆಯಲಿಲ್ಲ. ಆಮೇಲೂ ತೆಗೆಯಲಿಲ್ಲ. ಕೈನೋವು ಅಂದರು, ವಯಸ್ಸಾಯಿತು ಅಂದರು. ಹನ್ನೊಂದು ತಿಂಗಳಿಗೆ ಎದೆನೋವು ಬಂದು ಹೋಗಿಬಿಟ್ಟರು.

ನಮ್ಮ ಕಂಪನಿಯ ಮೂರು ಬೆಲ್ಟ್ ಲೈನುಗಳು ಮೆಕ್ಸಿಕೋದ ಪುಯೆಬ್ಲಾ ಎಂಬ ಊರಿಗೆ ಹೊರಟಿವೆ ಎಂದು ಗೊತ್ತಾದಾಗ, ಆ ಹೆಸರು ನನಗೆ ಹೊಸದೆನ್ನಿಸಲಿಲ್ಲ. ರಾಮಿರೊನ ಹುಟ್ಟೂರು ಅದು. ಎಪ್ಪತ್ತೆಂಟು ವರ್ಷದ ಆತ ಕೊನೆಯ ಸುತ್ತಿನ ಸಂಗೀತ ಕಚೇರಿಗಳನ್ನು ಮುಗಿಸಿ ಅಲ್ಲೇ ಗಿಟಾರ್ ಕೆಳಗಿಡುತ್ತಾನೆ ಎಂದು ಓದಿದ್ದೆ. ಹೋಗಿ ಮ್ಯಾನೇಜರರ ಮುಂದೆ ನಿಂತು, ಲೈನು ಜೋಡಿಸಲು ನನ್ನನ್ನೇ ಕಳಿಸಿ ಎಂದೆ. ಹೊರಡುವ ಹಿಂದಿನ ದಿನ ಮಂಡಿಪೇಟೆಗೆ ಹೋದೆ. ಖಲೀಲ್ ಭಾಯಿಯ ಹೆಂಡತಿ ಷಾಹಿದಾ ಭಾಬಿ ಗೋಡೆಯ ಮೊಳೆಗೆ ತೂಗಿದ್ದ ಗಿಟಾರಿನ ತಂತಿಗಳ ಸಂದಿಯಿಂದ ಕರಟದ ಆ ಚೂರನ್ನು ಬಿಡಿಸಿ ನನ್ನ ಅಂಗೈಗೆ ಹಾಕಿದರು.

"ಆ ಯಜಮಾನ್ರು ಸಿಕ್ಕಿದ್ರೆ ಇದನ್ನ ಕೊಡು. ಒಂದ್ ಮಾತು ಕೇಳ್ಕೊಂಡ್ ಬಾರಪ್ಪ. ಇವ್ರು ನುಡಿಸಿದ್ದು ತಪ್ಪಾ ಅಂತ."

ಕೊಬ್ಬರಿ ಹೋದ ಏರ್‌ಪೋರ್ಟ್

ಒಂದೂವರೆ ದಿನ ಆಕಾಶದಲ್ಲಿ ಕೂತು ಕಾಲು ಊದಿಸಿಕೊಂಡು ಮೆಕ್ಸಿಕೋದಲ್ಲಿ ಇಳಿದವನನ್ನು ಮೊದಲು ವಿಚಾರಿಸಿಕೊಂಡಿದ್ದು ಒಂದು ನಾಯಿ. ನನ್ನ ಪೆಟ್ಟಿಗೆಯ ಪಕ್ಕ ಸಾಧುವಾಗಿ ಕುಕ್ಕರುಗಾಲಲ್ಲಿ ಕೂತುಬಿಟ್ಟಿತು. ತಪಾಸಣೆಯ ಅಧಿಕಾರಿ ಬಂದು ಪೆಟ್ಟಿಗೆ ಬಿಚ್ಚಿಸಿದ. ನನ್ನ ಹೆಂಡತಿ ಪಂಚೆಯೊಳಗೆ ಸುತ್ತಿಟ್ಟಿದ್ದ ನಾಲ್ಕು ಬಟ್ಟಲು ಕೊಬ್ಬರಿ, ಒಂದು ಡಬ್ಬಿ ಚಟ್ನಿಪುಡಿ ಹೊರಬಂದವು. ಚಟ್ನಿಪುಡಿಯನ್ನು ಮೂಸಿ ಆತ ಮೂರು ಸಲ ಸೀನಿದ, ಆಮೇಲೆ ಡಬ್ಬಿಯನ್ನು ಮರ್ಯಾದೆಯಿಂದ ಹಿಂದಕ್ಕೆ ಕೊಟ್ಟ. ಕೊಬ್ಬರಿ ಮಾತ್ರ ಕಸದ ತೊಟ್ಟಿಗೆ ಹೋಯಿತು. ತೆಂಗಿನ ಸೀಮೆಯಿಂದ ಹೋದವನಿಗೆ ಅದನ್ನು ನೋಡುವುದು ಕಷ್ಟವಾಯಿತು.

ಜೇಬಿನಲ್ಲಿದ್ದುದನ್ನೂ ತೆಗೆಯಲು ಹೇಳಿದ. ಕರಟದ ಚೂರನ್ನು ಬೆಳಕಿಗೆ ಹಿಡಿದು ಇದೇನು ಎಂದು ಕೇಳಿದ. ಅದೂ ತೆಂಗಿನದೇ ಎಂದು ನಾನು ಹೇಳಲಿಲ್ಲ. ಎಡಗೈಯಲ್ಲಿ ಗಿಟಾರ್ ಹಿಡಿದವನಂತೆ ಮಾಡಿ ಬಲಗೈ ಆಡಿಸಿ ತೋರಿಸಿದೆ. ಆತ ಅದನ್ನು ಬೆರಳಲ್ಲಿ ಹಿಡಿದು ತಾನೂ ಗಾಳಿಯಲ್ಲಿ ಒಮ್ಮೆ ಮೀಟಿ, ನನ್ನ ಜೇಬಿಗೇ ಹಾಕಿ ಕಳಿಸಿದ.

ಪುಯೆಬ್ಲಾ, ಮೊದಲ ವಾರ

ಪುಯೆಬ್ಲಾದಲ್ಲಿ ನನ್ನ ಜೊತೆಗೆ ಹಾಕಿದ್ದು ಎಫ್ರಾಯಿನ್ ಎಂಬ ಮೆಕ್ಯಾನಿಕ್‌ನನ್ನು. ಮೂವತ್ತೈದರ ಆಸುಪಾಸು. ಅವನದೂ ನನ್ನದೂ ಒಂದೇ ತರಹದ ಕಾರ್ಖಾನೆ ಇಂಗ್ಲಿಷ್, ನಟ್ಟು ಬೋಲ್ಟು ಬಿಗಿಯುವಷ್ಟು. ಅದರಾಚೆಯ ಮಾತಿಗೆ ಫೋನಿನ ಅನುವಾದ ಇತ್ತು. ಹೊಟೇಲಿನಲ್ಲಿ ನಾನು ಮೂರು ದಿನ ಬರೀ ಬ್ರೆಡ್ ತಿಂದದ್ದನ್ನು ನೋಡಿ ಅವನು ತನ್ನ ತಾಯಿಯ ಮನೆಗೆ ಊಟಕ್ಕೆ ಕರೆದೊಯ್ದ. ಆಕೆಯ ಹೆಸರು ಚೇಲಾ. ನಾನು ಮಾಂಸ ತಿನ್ನುವುದಿಲ್ಲ ಎಂದು ಮಗ ಹೇಳಿದ. ಹಾಗಾದರೆ ಕೋಳಿ ಮಾಡಿದ್ದೇನೆ ಎಂದು ಆಕೆ ಸಮಾಧಾನ ಹೇಳಿದರು. ಕೋಳಿಯೂ ಇಲ್ಲ ಎಂದು ತಿಳಿದಾಗ ನನಗೆ ಏನೋ ಕಾಯಿಲೆ ಇರಬೇಕೆಂದು ಹಣೆ ಮುಟ್ಟಿ ನೋಡಿದರು. ಕೊನೆಗೆ ತಟ್ಟೆಗೆ ಬಂದದ್ದೇ ಪಾಪಸ್‌ಕಳ್ಳಿ. ನಮ್ಮ ತೋಟದ ಬೇಲಿಯಲ್ಲಿರುವುದೇ. ಮುಳ್ಳು ಹೆರೆದು, ಈರುಳ್ಳಿ ಹಾಕಿ ಬಾಡಿಸಿದ್ದರು. ಬೆಂಡೆಕಾಯಿಯ ಲೋಳೆ, ಹುರುಳಿಕಾಯಿಯ ರುಚಿ. ಜೊತೆಗೆ ಅಂಗೈಯಗಲದ ಮುಸುಕಿನ ಜೋಳದ ರೊಟ್ಟಿ. ಎಂಟು ರೊಟ್ಟಿ ತಿಂದೆ. ಆಕೆಗೆ ನೆಮ್ಮದಿಯಾಯಿತು.

ಆ ಊರಿನವರಿಗೆ ನಾವಾಡಿದ್ದು ಕೇಳಿಸದಿದ್ದರೆ ಏನು ಎಂದು ಕೇಳುವುದಿಲ್ಲ, ಅಪ್ಪಣೆಯಾಗಲಿ ಅನ್ನುತ್ತಾರೆ. ಈಗ ಬಂದೆ ಎಂದರೆ ಮಾತ್ರ ನಮ್ಮವರ ಹಾಗೆಯೇ, ಯಾವತ್ತಾದರೂ ಬರುತ್ತಾರೆ. ಹುಣಸೆಹಣ್ಣಿಗೆ ಖಾರದಪುಡಿ, ಸಕ್ಕರೆ ಕಲಸಿ ಉಂಡೆ ಮಾಡಿ ದೊಡ್ಡವರೂ ಚೀಪುತ್ತಾರೆ. ಹುಣಸೆ ತಮ್ಮ ದೇಶದ ಮರ ಎಂದು ಎಫ್ರಾಯಿನ್ ವಾದ ಹೂಡಿದ. ತುಮಕೂರಿನ ಮಾರುಕಟ್ಟೆಯಲ್ಲಿ ಸುಗ್ಗಿಯ ಕಾಲಕ್ಕೆ ಹುಣಸೆಯ ರಾಶಿ ಹೇಗಿರುತ್ತದೆ ಎಂದು ಫೋಟೋ ತೋರಿಸಿದ ಮೇಲೆ ತಣ್ಣಗಾದ. ಊರಿನಾಚೆ ಹೊಗೆಯಾಡುವ ಒಂದು ಬೆಟ್ಟವಿದೆ. ಅದಕ್ಕೆ ಮನುಷ್ಯರ ಹೆಸರಿಟ್ಟು, ಇವತ್ತು ಯಜಮಾನರ ಸಿಟ್ಟು ಜೋರಿದೆ ಎಂದು ಮಾತಾಡಿಕೊಳ್ಳುತ್ತಾರೆ. ಕುಣಿಗಲ್ ರಸ್ತೆಯಲ್ಲಿ ಹುತ್ರಿದುರ್ಗದ ಬೆಟ್ಟ ಕಾಣುವ ತಿರುವಿನಲ್ಲಿ ಖಲೀಲ್ ಭಾಯಿ ಯಾವಾಗಲೂ ವ್ಯಾನಿನ ಕಿಟಕಿಯಿಂದ ಕೈ ಎತ್ತುತ್ತಿದ್ದರು. ಯಾರಿಗೆ ಎಂದರೆ, ಅಷ್ಟು ದೊಡ್ಡವನು ಸುಮ್ಮನೆ ನಿಂತಿದ್ದಾನೆ, ಮಾತಾಡಿಸದೆ ಹೋಗುವುದಾ ಅನ್ನುತ್ತಿದ್ದರು.

ರಾಮಿರೊನ ಹೆಸರೆತ್ತಿದ್ದೇ ತಡ, ಚೇಲಾಬಾಯಿ ಕೈ ಒರೆಸಿಕೊಂಡು ಬಂದು ಕೂತರು. ಆತನ ತಂದೆ ಗೋಡೆಗೆ ಹಚ್ಚುವ ಹೆಂಚಿನ ಬಿಲ್ಲೆಗಳ ಮೇಲೆ ನೀಲಿ ಹೂವು ಬರೆಯುವ ಕೆಲಸಗಾರ. ಮಗ ಹದಿನೈದರಲ್ಲೇ ಸಿಟಿ ಬಸ್ಸುಗಳಲ್ಲಿ ಗಿಟಾರ್ ನುಡಿಸಿ ಟೋಪಿ ಒಡ್ಡುತ್ತಿದ್ದ. ಆಮೇಲೆ ಕರೆಂಟ್ ಗಿಟಾರ್ ಹಿಡಿದ. ತಮ್ಮವರ ಉದ್ದನೆಯ ಚರ್ಮದ ಡೋಲುಗಳನ್ನೂ ಅಮೆರಿಕದ ರಾಕ್ ಸಂಗೀತವನ್ನೂ ಒಂದೇ ವೇದಿಕೆಗೆ ತಂದ. ಮೂವತ್ತು ತುಂಬುವ ಮೊದಲೇ ದೇಶದೇಶಗಳ ಮೈದಾನ ತುಂಬಿಸಿದ. ಆಮೇಲೆ ಇಪ್ಪತ್ತು ವರ್ಷ ಯಾರಿಗೂ ಬೇಡವಾದ. ಅಂಗಡಿಯ ಉದ್ಘಾಟನೆಗಳಲ್ಲೂ ನುಡಿಸಿದ್ದನ್ನು ಈಕೆ ಕಣ್ಣಾರೆ ಕಂಡಿದ್ದಾರೆ. ಜೊತೆಗಿದ್ದ ಡೋಲಿನವರು ಸತ್ತರು, ಹಾಡುವವರು ಬಿಟ್ಟುಹೋದರು. ಆತ ಮಾತ್ರ ವೇದಿಕೆ ಇಳಿಯಲಿಲ್ಲ. ಕೂದಲು ಬೆಳ್ಳಗಾದ ಮೇಲೆ ಹೊಸ ಕಾಲದವರು ಆತನನ್ನು ಮತ್ತೆ ಹುಡುಕಿಕೊಂಡು ಬಂದರು. ಅರವತ್ತು ವರ್ಷಕ್ಕೂ ಮೀರಿದ ದುಡಿಮೆ ಅದು. ನನ್ನ ಮದುವೆಯಲ್ಲಿ ಆತನ ಹಾಡಿಗೇ ನಾವು ಗಂಡಹೆಂಡತಿ ಕುಣಿದದ್ದು ಎಂದು ಆಕೆ ಗೋಡೆಯ ಮೇಲಿನ ಗಂಡನ ಫೋಟೋ ತೋರಿಸಿದರು. ಯಾವ ಹಾಡು ಎಂದೆ. ಗುನುಗಿದರು. ನಮ್ಮ ಒಪ್ಪಿಸುವ ಟ್ಯೂನೇ. ಅಲ್ಲೂ ಅದು ಮದುವೆಯದೇ. ಅಲ್ಲಿ ಅದಕ್ಕೆ ಕುಣಿಯುತ್ತಾರೆ, ನಾವು ಅಳುತ್ತೇವೆ.

ಬೀದಿಯ ಪೆಟ್ಟಿಗೆ

ಭಾನುವಾರ ಎಫ್ರಾಯಿನ್ ಊರಿನ ಚೌಕಕ್ಕೆ ಕರೆದುಕೊಂಡು ಹೋದ. ಅಲ್ಲಿ ಖಾಕಿ ಅಂಗಿ ತೊಟ್ಟ ಒಬ್ಬ ಹೆಂಗಸು ಮರದ ಪೆಟ್ಟಿಗೆಯೊಂದನ್ನು ಎದೆಯೆತ್ತರಕ್ಕೆ ಕೋಲಿನ ಮೇಲೆ ನಿಲ್ಲಿಸಿ ಹಿಡಿಕೆ ತಿರುಗಿಸುತ್ತಿದ್ದಳು. ಪೆಟ್ಟಿಗೆಯಿಂದ ಹಾಡು ಬರುತ್ತಿತ್ತು. ಒಂದು ಸ್ವರವೂ ಅದರ ಜಾಗದಲ್ಲಿರಲಿಲ್ಲ. ಒಳಗಿನ ಕೆಲವು ಕೊಳವೆ ಬರೀ ಉಸಿರು ಬಿಡುತ್ತಿದ್ದವು. ಜನ ನಿಂತು ಕೇಳಿ, ಟೋಪಿಗೆ ಚಿಲ್ಲರೆ ಹಾಕಿ ಹೋಗುತ್ತಿದ್ದರು. ಇದನ್ನು ಸರಿ ಮಾಡಿಸಬಾರದೇ ಎಂದು ನಾನು ಕೇಳಿದೆ. ಮಾಡುವವರು ಉಳಿದಿಲ್ಲ ಎಂದ ಎಫ್ರಾಯಿನ್. ನಮ್ಮಜ್ಜಿಯ ಕಾಲದಿಂದ ಹೀಗೇ ಕೇಳಿದ್ದೇವೆ, ಸರಿ ಮಾಡಿದರೆ ಇದು ಯಾವ ಹಾಡು ಅಂತ ನಮಗೇ ಗೊತ್ತಾಗುವುದಿಲ್ಲ ಎಂದು ನಕ್ಕ.

ನಾನು ಚೌಕದ ಬೆಂಚಿನ ಮೇಲೆ ಕೂತುಬಿಟ್ಟೆ. ಒಂದು ಊರಿಗೆ ಊರೇ ಆ ಪೆಟ್ಟಿಗೆಯನ್ನು ತಪ್ಪು ಎನ್ನದೆ ನಿಂತು ಕೇಳುತ್ತಿದೆ. ನನ್ನಿಂದ ಅಷ್ಟಾಗಲಿಲ್ಲ. ಖಲೀಲ್ ಭಾಯಿ ಬಾಯಿಗೆ ತುತ್ತಿಡುವ ಹೊತ್ತಿನಲ್ಲಿ, ಹತ್ತು ಜನರ ಮುಂದೆ, ನಗಿಸುವ ಚಪಲಕ್ಕೆ ಬಿದ್ದೆ. ನನಗೆ ಆ ಮನುಷ್ಯ ಡ್ರಮ್ಸ್ ಬಾರಿಸುವುದನ್ನು ಕಲಿಸಿದ್ದರು. ನನ್ನಪ್ಪ ಸತ್ತ ದಿನ ತುಮಕೂರಿನಿಂದ ಸೈಕಲ್ ತುಳಿದುಕೊಂಡು ಗುಬ್ಬಿಗೆ ಬಂದಿದ್ದರು. ಎಫ್ರಾಯಿನ್‌ಗೆ ಇದನ್ನೆಲ್ಲ ಫೋನಿನಲ್ಲಿ ಅನುವಾದಿಸಿ ಹೇಳಿದೆ. ಅವನು ಓದಿ ಮುಗಿಸಿದ. ಎದ್ದುಹೋಗಿ ಎರಡು ಹುಣಸೆ ಉಂಡೆ ತಂದು ಒಂದನ್ನು ನನಗೆ ಕೊಟ್ಟ.

ಮೂರನೇ ಲೈನು

ಎರಡು ಲೈನು ಸಲೀಸಾಗಿ ಓಡಿದವು. ಮೂರನೆಯದು ನಿಧಾನ. ಅದರ ಮೇಲೆ ಬರುವ ಪೆಟ್ಟಿಗೆಗಳು ಮೊಹರು ಬೀಳುವ ಜಾಗಕ್ಕೆ ತಡವಾಗಿ ಬಂದು, ಮೊಹರು ಬರೀ ಬೆಲ್ಟಿನ ಮೇಲೆ ಬೀಳುತ್ತಿತ್ತು. ಅಲ್ಲಿನ ಸೂಪರ್‌ವೈಸರ್ ಪೆಟ್ಟಿಗೆ ಜೋಡಿಸುವವರ ಮೇಲೆ ರೇಗುತ್ತಿದ್ದ. ನಾನು ಮೋಟಾರ್ ನೋಡಿದೆ, ಸರಿಯಿತ್ತು. ರಾಟೆಯ ವೇಗ ಅಳೆದೆ, ಅದೂ ಸರಿಯಿತ್ತು. ಬೆಲ್ಟಿನ ಕೆಳಗೆ ಕೈ ಹಾಕಿ ಎತ್ತಿದರೆ ನಾಲ್ಕು ಬೆರಳು ಮೇಲೆ ಬಂತು. ಬೆಲ್ಟು ಸಡಿಲ. ರಾಟೆ ತಿರುಗುತ್ತಿದೆ, ಬೆಲ್ಟು ಜಾರುತ್ತಿದೆ. ಮೂವತ್ತು ವರ್ಷದಿಂದ ಹಿರೇಹಳ್ಳಿಯಲ್ಲಿ ಹೊಸಬರಿಗೆಲ್ಲ ಹೇಳಿಕೊಡುವ ಮಾತನ್ನೇ ಸೂಪರ್‌ವೈಸರ್‌ಗೂ ಹೇಳಿದೆ. ಬೆಲ್ಟ್ ಸಡಿಲವಾದರೆ ಮೇಲಿರುವುದೆಲ್ಲ ನಿಧಾನವಾಗುತ್ತದೆ, ಮೇಲಿರುವುದರ ತಪ್ಪೇನಿಲ್ಲ.

ಹೇಳಿ ಮುಗಿಸುವ ಹೊತ್ತಿಗೆ ಕೈಯಲ್ಲಿದ್ದ ಸ್ಪ್ಯಾನರ್ ನಿಂತಿತು.

ಮಾವನ ಸೆಟ್ ಕಣ್ಣಮುಂದೆ ಬಂತು. ಕ್ಯಾಸೆಟ್ ತಿರುಗಿಸುವ ಅದರ ರಬ್ಬರ್ ಬೆಲ್ಟು ಎಂದೋ ತುಂಡಾಗಿ, ಮಾವ ಸೈಕಲ್ ಟ್ಯೂಬಿನ ಒಂದು ಬಳೆಯನ್ನು ಕತ್ತರಿಸಿ ಹಾಕಿದ್ದರು. ಅದರಲ್ಲಿ ಹೆಂಗಸರು ಹಾಡಿದ್ದೂ ಗಂಡಸರ ದನಿಯಲ್ಲಿ ಬರುತ್ತಿತ್ತು. ಹಾಡು ಎಳೀತದೆ ಕಣೋ ಎಂದು ಮಾವನೇ ಬೈಯುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಅದೇ ಸೆಟ್ಟಿನಲ್ಲಿ ರಾಮಿರೊನ ಕ್ಯಾಸೆಟ್ ಹಾಕಿ, ಎದುರಿಗೆ ಇನ್ನೊಂದು ಸೆಟ್ ಇಟ್ಟು, ಉಸಿರು ಬಿಗಿಹಿಡಿದು ಕಾಪಿ ಮಾಡಿದವನು ನಾನು. ಮೂಲವನ್ನು ಸರಿಯಾದ ವೇಗದಲ್ಲಿ ಕೇಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಖಲೀಲ್ ಭಾಯಿ ತಮ್ಮ ಕೈಗೆ ಬಂದದ್ದನ್ನು ಒಂದು ಎಳೆಯೂ ತಪ್ಪದ ಹಾಗೆ ಕಲಿತಿದ್ದರು. ತಪ್ಪು ನನ್ನ ಕಾಪಿಯಲ್ಲಿತ್ತು. ಅದನ್ನು ಅವರ ತಲೆಗೆ ಕಟ್ಟಿ ನಕ್ಕವನೂ ನಾನೇ.

ಎಫ್ರಾಯಿನ್ ಬಂದು ಮಿಕ್ಕ ಬೋಲ್ಟುಗಳನ್ನು ಬಿಗಿದ. ಊರಿಗೆ ಫೋನ್ ಮಾಡಿ ಹೇಳೋಣವೆಂದರೆ ಹೇಳಬೇಕಾದ ಮನುಷ್ಯ ಇರಲಿಲ್ಲ.

ಮೈದಾನ

ರಾಮಿರೊನ ಕೊನೆಯ ಕಚೇರಿಗೆ ಎಫ್ರಾಯಿನ್, ಅವನ ತಾಯಿ, ನಾನು ಮೂವರೂ ಹೋದೆವು. ಇನ್ನೂ ಬಿಸಿಲಿತ್ತು. ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಊರುಗೋಲು ಹಿಡಿದವರು, ಆತನ ಹಳೆಯ ಚಿತ್ರವಿರುವ ಬನಿಯನ್ ತೊಟ್ಟವರು, ಎಲ್ಲರೂ ಇದ್ದರು. ಚೇಲಾಬಾಯಿ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಕುಣಿಯಲೆಂದೇ ಬಂದಿದ್ದರು. ಕಚೇರಿ ಶುರುವಾಗುವ ಮುಂಚೆಯೇ ನಾನು ವೇದಿಕೆಯ ಹಿಂದಿನ ಗೇಟಿಗೆ ಹೋಗಿ ನಿಂತು, ಕರಟದ ಚೂರನ್ನು ಕಾವಲಿನವನಿಗೆ ತೋರಿಸಿ ಬೇಡಿಕೊಂಡೆ. ಆತ ಒಳ್ಳೆಯ ಮಾತಿನಲ್ಲೇ ಆಗುವುದಿಲ್ಲ ಎಂದ. ಅಷ್ಟರಲ್ಲಿ ಕಾರೊಂದು ಬಂತು. ರಾಮಿರೊ ಇಳಿದ. ಕವರಿನ ಮೇಲಿದ್ದ ಮೀಸೆಯ ಯುವಕನ ಗುರುತೇ ಇರಲಿಲ್ಲ. ಎರಡೂ ಕೈಗೆ ಉಣ್ಣೆಯ ಗವಸು ಹಾಕಿಕೊಂಡು, ಮಗಳಿರಬೇಕು, ಆಕೆಯ ತೋಳು ಹಿಡಿದು ಮೆಟ್ಟಿಲು ಹತ್ತಿದ. ಆರು ಅಡಿ ದೂರ. ಹತ್ತು ಸಲ ಬಾಯಿಪಾಠ ಮಾಡಿಕೊಂಡಿದ್ದ ಸ್ಪ್ಯಾನಿಷ್ ಮಾತು ನೆನಪಾಗುವಷ್ಟರಲ್ಲಿ ಆತ ಒಳಗೆ ಹೋಗಿದ್ದ. ಆತ ತಿರುಗಿ ನೋಡಲೂ ಇಲ್ಲ.

ಮೊದಲ ಒಂದು ಗಂಟೆ ಹಾಡುಗಳು ಓಡಿದವು. ಡೋಲಿನವರು ಆರು ಜನ. ಅವರ ಕೈ ನೋಡಿ ನನ್ನ ಕೈ ತುರಿಸಿತು. ವೇಗದ ಭಾಗಗಳನ್ನು ಪಕ್ಕದಲ್ಲಿದ್ದ ಮೂವತ್ತರ ವಾದಕಿಯೊಬ್ಬಳು ನುಡಿಸುತ್ತಿದ್ದಳು. ರಾಮಿರೊ ನಡುನಡುವೆ ಒಂದೊಂದು ಸ್ವರವನ್ನು ಉದ್ದಕ್ಕೆ ಎಳೆದು ಬಿಡುತ್ತಿದ್ದ. ಆಮೇಲೆ ಎಲ್ಲರನ್ನೂ ಕೆಳಗಿಳಿಸಿ, ಒಂದು ಮರದ ಕುರ್ಚಿ ತರಿಸಿಕೊಂಡು ಒಬ್ಬನೇ ಕೂತ. ಏನೋ ಹೇಳಿದ. ಎಫ್ರಾಯಿನ್ ನನ್ನ ಕಿವಿಯಲ್ಲಿ ಅನುವಾದಿಸಿದ. ಈ ಹಾಡನ್ನು ನನ್ನ ಕೈ ಈಗ ಓಡಿಸಲಾರದು, ಬೇರೆಯವರಿಂದ ನುಡಿಸಲು ನನಗೆ ಮನಸ್ಸಿಲ್ಲ, ನಡೆಸಿಕೊಂಡು ಹೋಗುತ್ತೇನೆ, ಬನ್ನಿ ಅಂದನಂತೆ.

ಜನಕ್ಕೆ ಯಾವ ಹಾಡೆಂದು ತಿಳಿದು ಕೇಕೆ ಹಾಕಿ ಚಪ್ಪಾಳೆಯ ತಾಳ ಹಿಡಿದರು. ಚೇಲಾಬಾಯಿ ಎದ್ದು ನಿಂತರು. ಆದರೆ ಚಪ್ಪಾಳೆ ಮುಂದೆ ಓಡಿತು, ಗಿಟಾರ್ ಹಿಂದೆ ಉಳಿಯಿತು. ಆತನ ಬೆರಳುಗಳು ಬಗ್ಗುತ್ತಿರಲಿಲ್ಲ, ದೊಡ್ಡ ಪರದೆಯ ಮೇಲೆ ಗಂಟುಗಳು ಕಾಣುತ್ತಿದ್ದವು. ಒಂದೊಂದೇ ಸ್ವರ ಹುಡುಕಿ ಇಡುತ್ತಿದ್ದ. ಪಾಪ, ಕೈ ಹೋಗಿದೆ ಎಂದು ಚೇಲಾಬಾಯಿ ಮಗನಿಗೆ ಹೇಳಿ ಕೂತರು. ಚಪ್ಪಾಳೆ ಚದುರಿ ನಿಂತಿತು. ಇಡೀ ಮೈದಾನ ಆ ಮುದುಕನಿಗಾಗಿ ಮರುಗಿತು.

ನನ್ನ ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು. ಯಾವಾಗ ಶುರುವಾಯಿತೋ ನನಗೇ ಗೊತ್ತಿಲ್ಲ. ಕುಣಿಗಲ್, ಗುಬ್ಬಿ, ತುಮಕೂರಿನ ಮಂಟಪಗಳಲ್ಲಿ ನಲವತ್ತು ವರ್ಷ ಹಾಕಿದ ತಾಳ. ರಾಮಿರೊ ಒಂದು ಕೂದಲೆಳೆಯೂ ಹಿಂದೆ ಮುಂದೆ ಹೋಗದೆ ಅದರ ಮೇಲೆ ನಡೆಯುತ್ತಿದ್ದ. ಇದು ಖಲೀಲ್ ಭಾಯಿಯ ನಡೆ. ಅದೇ ಎಳೆತ, ಅದೇ ನಿಲುವು. ಅಷ್ಟು ವರ್ಷ ಆ ಹಾಡನ್ನು ಓಡಿಸಿದ ಮನುಷ್ಯ, ಕೈ ಸೋತ ಮೇಲೆ, ನನ್ನ ಭಾಯಿ ಕೂತಿದ್ದ ಜಾಗಕ್ಕೆ ಬಂದು ಸೇರಿದ್ದ. ನಾನು ಫೋನ್ ಎತ್ತಿ ರೆಕಾರ್ಡ್ ಒತ್ತಿದೆ.

ಕರು ಕೂಗುವ ಜಾಗ ಬಂತು. ನಾನು ಉಸಿರು ಹಿಡಿದೆ. ಆತ ಅಲ್ಲಿ ನಿಲ್ಲಲಿಲ್ಲ. ನಾಲ್ಕು ಸ್ವರ ನುಡಿಸಿದ. ನಮ್ಮ ಹಿತ್ತಲಿನ ಕರುವಿನ ಕೂಗಿನ ಕೆಳಗೆ ಇಷ್ಟು ವರ್ಷ ಅಡಗಿದ್ದ ನಾಲ್ಕು ಸ್ವರ ಅವು. ಮೇಲಿಂದ ಕೆಳಕ್ಕೆ, ಮೆಟ್ಟಿಲಿಳಿದ ಹಾಗೆ. ಫೋನಿನಲ್ಲಿ ಓಡುವ ಹಾಡನ್ನು ಕೇಳಿದಾಗ ಅವು ಕಿವಿಗೆ ನಿಂತಿರಲಿಲ್ಲ. ಖಲೀಲ್ ಭಾಯಿ ಇದ್ದಿದ್ದರೆ ಒಂದೇ ಸಲಕ್ಕೆ ಕಲಿಯುತ್ತಿದ್ದರು. ಆಗ ನನಗೆ ತಡೆಯಲಾಗಲಿಲ್ಲ. ಚೇಲಾಬಾಯಿ ನನ್ನ ಬೆನ್ನು ಸವರುತ್ತಾ ತಮ್ಮ ಗಂಡನನ್ನು ನೆನೆದು ತಾವೂ ಅಳುತ್ತಿದ್ದರು. ಅವರಿಗೆ ನನ್ನ ಅಳುವಿನ ಕಾರಣ ಹೇಳುವಷ್ಟು ಭಾಷೆ ನನ್ನಲ್ಲಿರಲಿಲ್ಲ.

ಮತ್ತೆ ಮಂಡಿಪೇಟೆ

ಬಂದ ಮೂರನೇ ದಿನಕ್ಕೆ ಭಾಬಿಯ ಮನೆಗೆ ಹೋದೆ. ಅಷ್ಟು ದಿನ ತಳ್ಳಿದ್ದು ಹೆದರಿಕೆಯಿಂದ. ಆಕೆ ಕಿಟಕಿಯ ಪಕ್ಕ ಕೂತು ಯಾರದೋ ಸೀರೆಗೆ ಫಾಲ್ ಹೊಲಿಯುತ್ತಿದ್ದರು. ಪ್ರಯಾಣ, ಊಟ, ಮಗಳು ಎಲ್ಲ ವಿಚಾರಿಸಿದರು. ತಾವು ಕೇಳಿ ಕಳಿಸಿದ ಮಾತನ್ನು ಮಾತ್ರ ಎತ್ತಲಿಲ್ಲ. ನಾನು ಫೋನ್ ತೆಗೆದು, ಪರದೆ ಕಾಣದ ಹಾಗೆ ಮಗುಚಿ ಮಣೆಯ ಮೇಲಿಟ್ಟು, ರೆಕಾರ್ಡಿಂಗ್ ಹಾಕಿದೆ.

ಎರಡು ಸಾಲು ಕೇಳುವಷ್ಟರಲ್ಲಿ ಸೂಜಿ ನಿಂತಿತು. ಭಾಬಿ ಕಣ್ಣು ಮುಚ್ಚಿಕೊಂಡರು. ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಕಳೆ ಬಂತು.

"ಯಾವ್ ಮದ್ವೇದು ಇದು? ನಿನ್ನತ್ರ ಇತ್ತಾ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಕರು ಕೂಗುವ ಜಾಗ ಬಂತು. ಗಿಟಾರ್ ನಾಲ್ಕು ಮೆಟ್ಟಿಲು ಇಳಿಯಿತು. ಭಾಬಿ ಕಣ್ಣು ಬಿಟ್ಟರು.

"ಇಲ್ಲಿ ಬಿಡ್ತಿದ್ರಲ್ಲ ಅವ್ರು" ಎಂದರು. ನುಡಿಸುತ್ತಿರುವುದು ಆ ಯಜಮಾನರು ಎಂದು ಅವರಿಗೆ ತಿಳಿಯಿತು. "ಅವ್ರೂ ಹಿಂಗೇ ನುಡಿಸ್ತಾರಾ?"

"ಈಗ ಹಿಂಗೇ ನುಡಿಸ್ತಾರೆ ಭಾಬಿ. ಕೈ ಓಡಲ್ಲ. ಆದ್ರೆ ತಪ್ಪಿಲ್ಲ ಇದ್ರಲ್ಲಿ. ಭಾಯ್ ಒಂದ್ ಎಳೇನೂ ತಪ್ಪಿರ್ಲಿಲ್ಲ" ಎಂದೆ. ಆಮೇಲೆ ತಲೆ ತಗ್ಗಿಸಿಕೊಂಡು ಮಾವನ ಸೆಟ್ಟು, ಸೈಕಲ್ ಟ್ಯೂಬಿನ ಬೆಲ್ಟು, ನನ್ನ ಕಾಪಿ, ಮೂರನೇ ಲೈನು ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು, ಅದನ್ನು ಅವರ ಮೇಲೆ ಹಾಕಿ ಹತ್ತು ಜನರ ಮುಂದೆ ನಕ್ಕೆ ಎಂದೆ.

ಭಾಬಿ ಸೀರೆ ಮಡಿಚಿ ಪಕ್ಕಕ್ಕಿಟ್ಟರು.

"ಅವ್ರಿಗೆ ಗೊತ್ತಿತ್ತು ಕಣಪ್ಪ" ಎಂದರು. "ಕುಣಿಗಲ್ಲಿಂದ ಬಂದ್ ದಿವ್ಸಾನೇ ಆ ಕ್ಯಾಸೆಟ್ ಹುಡುಕಿ ಹಾಕ್ಕೊಂಡ್ ಕೂತ್ರು. ಕರು ಸರಿಯಾಗೇ ಕೂಗ್ತದೆ, ಗಿಟಾರ್ ಮಾತ್ರ ಎಳೀತದೆ, ಹಾಡ್ ಹಾಕಿದ್ ಸೆಟ್ಟಿನ್ ಬೆಲ್ಟ್ ಸಡ್ಲ ಇತ್ತು ಅಂದ್ರು. ರಿಪೇರಿ ಮಾಡೋರಲ್ವಾ. ಆದ್ರೂ ನುಡಿಸಿದ್ದು ತಪ್ಪೇನೋ ಅನ್ನೋ ಕೊರಗು ಹೋಗ್ಲಿಲ್ಲ."

ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದೆ.

"ನಾನು ಗಂಗಂಗೆ ಫೋನ್ ಮಾಡಿ ಹೇಳ್ಲಾ ಅಂದೆ. ಬೇಡ ಬುಡು ಅಂದ್ರು. ಮಗಳ್ನ ಕಳಿಸ್ವಾಗ ಅವ್ನು ಅದನ್ ಕೇಳ್ಕೊಂಡ್ ಅತ್ತವ್ನೆ. ಗೊತ್ತಾದ್ರೆ ಅದೂ ತಪ್ಪು ಅನ್ಕೋತಾನೆ ಅಂದ್ರು."

ಫೋನಿನಲ್ಲಿ ಹಾಡು ಮುಗಿದು ಮೈದಾನದ ಚಪ್ಪಾಳೆ ಕೇಳುತ್ತಿತ್ತು. ಜೇಬಿನಿಂದ ಕರಟದ ಚೂರು ತೆಗೆದು, ಕೊಡಲಾಗಲಿಲ್ಲ ಭಾಬಿ ಎಂದು ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ. ಇನ್ನೊಂದು ಸಲ ಹಾಕು ಅಂದರು. ಹಾಕಿದೆ. ಕರು ಕೂಗುವ ಜಾಗ ಹತ್ತಿರ ಬಂದಾಗ ಭಾಬಿ ಕೈ ಚಾಚಿ ಫೋನಿನ ಮೇಲೆ ಸೆರಗು ಮುಚ್ಚಿ ಒತ್ತಿ ಹಿಡಿದರು, ನಾಲ್ಕು ಸ್ವರ ದಾಟುವವರೆಗೆ.